ಆರ್ಬಿಟರ್‌ನಲ್ಲಿ ವಿಕ್ರಮ: ನಾಲ್ಕನೆಯ ವಾರ

ಈ ವಾರ ವಿಕ್ರಮ ಹದಿನೇಳು ಸಲ ಚಂದ್ರನ ಮೇಲೆ ಇಳಿದ. ಅದರಲ್ಲಿ ಹದಿನಾರು ಸಲದ ಇಳಿತವನ್ನು ಇಳಿತ ಎನ್ನುವುದಕ್ಕೆ ನನಗೇ ನಾಚಿಕೆ.

ಕಂಪ್ಯೂಟರಿನಲ್ಲಿ ಬಾಹ್ಯಾಕಾಶ ನೌಕೆ ಹಾರಿಸುವ, ಮಾರ್ಟಿನ್ ಶ್ವೈಗರ್ ಅವರ ಆರ್ಬಿಟರ್ ಸಿಮ್ಯುಲೇಟರ್‌ಗೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮನನ್ನು ಆಡ್-ಆನ್ (ಹೆಚ್ಚುವರಿ ಜೋಡಣೆ) ಆಗಿ ಕಟ್ಟುವ ಕೆಲಸವಿದು. ಆಕಾರ ಹೆಚ್ಚುಕಡಿಮೆ ಮುಗಿದಿದೆ. ಮೊದಲು ಚಂದ್ರಯಾನ-2ರ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಶುರುಮಾಡಿದ್ದರಿಂದ ನಡುವೆ ಐದನೆಯ ಎಂಜಿನ್ ಒಂದು ಉಳಿದುಬಿಟ್ಟಿತ್ತು; ಅಳಿಸಿ ಹಾಕಿದೆ. ಚಿನ್ನದ ಬಣ್ಣದ ಹೊದಿಕೆಯ ಮಿನುಗು ಆಮೇಲೆ ನೋಡಿಕೊಂಡರಾಯಿತು.

ಲೆಕ್ಕ ಮಾತ್ರ ಬಹಳ ಬಿಗಿ. ರೋವರ್ ಸೇರಿ ಲ್ಯಾಂಡರ್ ಸುಮಾರು 1,750 ಕಿಲೊ. ಚಂದ್ರನ ಗುರುತ್ವದಲ್ಲಿ ಅದರ ಭಾರ 2,835 ನ್ಯೂಟನ್. ಎಂಜಿನ್ ಒಂದಕ್ಕೆ 800 ನ್ಯೂಟನ್‌ನಂತೆ ನಾಲ್ಕೂ ಸೇರಿ ಕೊಡುವುದು 3,200. 30 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಸುಮಾರು 1.68 ಕಿ.ಮೀ. ವೇಗದಲ್ಲಿ ಅಡ್ಡ ಓಡುತ್ತಿರುವುದನ್ನು ಇಷ್ಟರಲ್ಲೇ ತಡೆಯಬೇಕು. ಮೊದಲ ಹಂತದ ತಡೆಯೊಂದಕ್ಕೇ ಹನ್ನೊಂದೂವರೆ ನಿಮಿಷ ಬೇಕು. ಅಷ್ಟರಲ್ಲಿ ಇಂಧನ ಕರಗುತ್ತದೆ. ನನ್ನ ಮಾದರಿ ನೆಲದ ಹತ್ತಿರ ಬರುವಾಗ 900 ಕಿಲೊ ಆಗಿರುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಎರಡು ಎಂಜಿನ್ ಸಾಕು.

ಯಾವ ಎರಡು? ಇಲ್ಲೇ ಎಡವಿದೆ. ಎಂಜಿನ್‌ಗಳಿಗೆ ಪ್ರದಕ್ಷಿಣೆಯಾಗಿ ಸೊನ್ನೆಯಿಂದ ಮೂರರವರೆಗೆ ಸಂಖ್ಯೆ ಕೊಟ್ಟಿದ್ದೇನೆ. ಆರಿಸಬೇಕಾದದ್ದು ಸೊನ್ನೆ ಮತ್ತು ಎರಡು, ಅಂದರೆ ಎದುರುಬದುರಿನವು. ನಾನು ಬರೆದದ್ದು ಸೊನ್ನೆ ಮತ್ತು ಒಂದು. ಮಂಚವನ್ನು ಒಂದೇ ಪಕ್ಕದಿಂದ ಎತ್ತಿದಂತೆ ವಿಕ್ರಮ ಮಗುಚಿಕೊಂಡ. ಒಂದಂಕಿಯ ತಪ್ಪು ಹಿಡಿಯುವುದಕ್ಕೆ ಎರಡು ಸಂಜೆ ಹೋಯಿತು. ಅಷ್ಟು ಹೊತ್ತೂ ಪಾಪ, ದಿಕ್ಕು ತಿರುಗಿಸುವ ಸಣ್ಣ ಥ್ರಸ್ಟರ್‌ಗಳನ್ನು ಬೈದುಕೊಂಡಿದ್ದೆ.

ಅದು ಸರಿಯಾದ ಮೇಲೆ ಕಾಲಿನ ಸರದಿ. ನೆಲ ಮುಟ್ಟುವ ಬಿಂದುಗಳನ್ನು ಆರ್ಬಿಟರ್‌ನ 2016ರ ಆವೃತ್ತಿಯಿಂದ ಮೂರಕ್ಕಿಂತ ಹೆಚ್ಚು ಇಡಬಹುದು. ಪ್ರತಿ ಬಿಂದುವಿಗೂ ಸ್ಪ್ರಿಂಗಿನ ಬಿಗಿ ಎಷ್ಟು, ಕುಲುಕಾಟ ತಗ್ಗಿಸುವ ಬಲ ಎಷ್ಟು ಎಂದು ಹೇಳಬೇಕು. ಕಾಲು ಒಂದು ಸೆಂಟಿಮೀಟರ್ ತಗ್ಗಲಿ ಎಂದು ಬಿಗಿಯನ್ನು 2,20,500 ಎಂದು ಕೊಟ್ಟೆ. ಎರಡನೆಯದಕ್ಕೆ, ಆಮೇಲೆ ತಿದ್ದೋಣವೆಂದು, 100. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ನೆಲ ಮುಟ್ಟಿದ ವಿಕ್ರಮ ಒಂದು ಮೀಟರಿಗೂ ಮೇಲೆ ಪುಟಿದ. ಮತ್ತೆ ಮುಟ್ಟಿದ, ಮತ್ತೆ ಪುಟಿದ. ನಿಜವಾದ ವಿಕ್ರಮ 2023ರ ಸೆಪ್ಟೆಂಬರ್ 3ರಂದು ಆಜ್ಞೆ ಕೊಟ್ಟ ಮೇಲೆ ಹಾರಿದ್ದು ಸುಮಾರು 40 ಸೆಂಟಿಮೀಟರ್. ನನ್ನವನಿಗೆ ಯಾರ ಆಜ್ಞೆಯೂ ಬೇಕಾಗಲಿಲ್ಲ.

ಲೆಕ್ಕದ ಹಾಳೆ ತೆಗೆದು ನೋಡಿದರೆ ಗುರುತ್ವದ ಜಾಗದಲ್ಲಿ 9.8 ಇದೆ. ಚಂದ್ರನಿಗೆ ಹೊರಟವನು ಭೂಮಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. 1.62 ಹಾಕಿದಾಗ ಬಿಗಿ 36,500ಕ್ಕೆ ಇಳಿಯಿತು. ಕುಲುಕಾಟಕ್ಕೆ 5,700 ಕೊಟ್ಟೆ.

ಹದಿನೇಳನೆಯ ಸಲ, ದಕ್ಷಿಣ ಅಕ್ಷಾಂಶ 69.37 ಡಿಗ್ರಿಯಲ್ಲಿ, ನಾಲ್ಕು ಕಾಲೂ ಒಮ್ಮೆ ತಗ್ಗಿ ನಿಂತವು. ಧೂಳೇಳುವ ಭಾಗ ಇನ್ನೂ ಬರೆದಿಲ್ಲವಾದ್ದರಿಂದ ಸದ್ದಿಲ್ಲ, ಗದ್ದಲವಿಲ್ಲ. ಐದು ನಿಮಿಷ ಮೌಸ್ ಮುಟ್ಟದೆ ಕೂತೆ, ಎಲ್ಲಿ ಮತ್ತೆ ಪುಟಿಯುತ್ತಾನೋ ಎಂದು. ರೋವರ್ ಒಳಗೇ ಇದೆ. ಬಾಗಿಲಿಗೆ ಕೀಲು ಕೂರಿಸಿಲ್ಲ.