ಕೂಗಳತೆ ದೂರದಲ್ಲಿ ತುಂಡಾದ ಕೇಬಲ್

ಕೊಡಗಿನ ಕಕ್ಕಡ ತಿಂಗಳ ಮಳೆ ಹಿಡ್ಕೊಂಡು ನಾಲ್ಕನೇ ದಿನ ಸಿದ್ದಾಪುರದ ಕಡೆ ನಾನು ನೆಟ್‌ವರ್ಕ್ ನೋಡ್ಕೊಳ್ಳೋ ಎಸ್ಟೇಟ್ ಒಂದ್ರಿಂದ ರೈಟರ್ ಫೋನು, "ಸರ್, ಗೋಡೌನ್ ಆಫೀಸ್ ಕಂಪ್ಯೂಟರ್ ತುಂಬಾ ನಿಧಾನ, ಆಗಾಗ ನೆಟ್ ಹೋಗಿ ಬರ್ತಿದೆ, ಕೇಬಲ್ ಪೂರ್ತಿ ಹೊಸದು ಎಳೆಸ್ಬೇಕಂತ ಸೌಕಾರ್ರು ಹೇಳ್ತಿದಾರೆ." ನಾನಿರೋದು ಮಡಿಕೇರಿಲಿ, ದಾರೀಲಿ ಮರ ಬಿದ್ದು ಗಾಡಿಗಳೆಲ್ಲ ನಿಂತಿದ್ವು, ಹೋಗೋ ಮಾತೇ ಇಲ್ಲ. ಒಂದು ಹತ್ತು ನಿಮಿಷ ಕೊಡಿ ರೈಟ್ರೇ ಅಂದು ದೂರದಿಂದ್ಲೇ ಅಲ್ಲಿನ ನೆಟ್‌ವರ್ಕ್ ಒಳಗೆ ಹೋಗೋಕೆ ವಿಪಿಎನ್ ಹಾಕ್ಕೊಂಡು, ಎಸ್ಟೇಟಿನ ಕೇಬಲ್ಲೆಲ್ಲ ಬಂದು ಸೇರೋ ಬಂಗ್ಲೆ ಸ್ವಿಚ್ಚಿಗೆ ಲಾಗಿನ್ ಆದೆ.

ಗೋಡೌನ್ ಕೇಬಲ್ ಸಿಕ್ಕಿಸಿರೋ ಪೋರ್ಟ್ ಯಾವಾಗ್ಲೂ ಗಿಗಾಬಿಟ್‌ನಲ್ಲಿರೋದು, ಈಗ ಅದ್ರ ಹತ್ತನೇ ಒಂದು ಪಾಲು ವೇಗಕ್ಕೆ, 100 ಮೆಗಾಬಿಟ್‌ಗೆ ಇಳಿದಿತ್ತು. ನಂಗೆ ಆಗ್ಲೇ ಅನುಮಾನ ಬಂತು, ಯಾಕಂದ್ರೆ ಗಿಗಾಬಿಟ್‌ಗೆ ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ತಂತಿ ಎಷ್ಟು ದೂರದಲ್ಲಿ ಹಾಳಾಗಿದೆ ಅಂತ ಸ್ವಿಚ್ಚೇ ಅಳೆದು ಹೇಳೋ ಟಿಡಿಆರ್ ಟೆಸ್ಟ್ ಓಡಿಸ್ದೆ. ಎರಡು ಜೋಡಿ ನಾರ್ಮಲ್, 61 ಮೀಟರ್. ಇನ್ನೆರಡು ಓಪನ್, 38 ಮೀಟರ್. ಅಂದ್ರೆ ಕೇಬಲ್ ಪೂರ್ತಿ ಹಾಳಾಗಿಲ್ಲ, 38ನೇ ಮೀಟರ್ ಹತ್ರ ಎರಡು ಜೋಡಿ ತುಂಡಾಗಿದೆ ಅಷ್ಟೆ.

ಇದು ಹೇಗೆ ಗೊತ್ತಾಗುತ್ತೆ ಅನ್ನೋದು ನಂಗೆ ಇವತ್ತಿಗೂ ಖುಷಿ ಕೊಡೋ ವಿಷ್ಯ. ನಮ್ಮಲ್ಲಿ ಕೂಗಳತೆ ದೂರ ಅಂತೀವಲ್ಲ, ಸ್ವಿಚ್ ಮಾಡೋದೂ ಅದನ್ನೇ, ತಂತಿ ಒಳಗೆ ಒಂದು ಸಣ್ಣ ಕೂಗು ಹಾಕುತ್ತೆ, ಅಂದ್ರೆ ಒಂದು ಪಲ್ಸ್, ತಂತಿ ಎಲ್ಲಿ ತುಂಡಾಗಿದ್ಯೋ ಅಥವಾ ಒಂದಕ್ಕೊಂದು ತಾಗಿದ್ಯೋ ಅಲ್ಲಿಂದ ಅದು ಬೆಟ್ಟಕ್ಕೆ ಬಡಿದ ಕೂಗಿನ ತರ ವಾಪಸ್ ಬರುತ್ತೆ, ಎಷ್ಟು ಹೊತ್ತಿಗೆ ಬಂತು ಅನ್ನೋದ್ರಲ್ಲಿ ದೂರ ಸಿಗುತ್ತೆ. ಸಿಗ್ನಲ್ ತಾಮ್ರದ ಕೇಬಲ್‌ನಲ್ಲಿ ಬೆಳಕಿನ ವೇಗದ ಸುಮಾರು ಮೂರನೇ ಎರಡರಷ್ಟು ವೇಗದಲ್ಲಿ ಓಡುತ್ತೆ, ನ್ಯಾನೋಸೆಕೆಂಡಿಗೆ 20 ಸೆಂಟಿಮೀಟರ್ ಹತ್ರ. 38 ಮೀಟರ್ ಹೋಗಿ ಬರೋಕೆ 400 ನ್ಯಾನೋಸೆಕೆಂಡೂ ಬೇಡ. ತುಂಡಾಗಿದ್ರೆ ಓಪನ್, ತಾಗಿದ್ರೆ ಶಾರ್ಟ್ ಅಂತ ತೋರ್ಸುತ್ತೆ.

ಅಳತೆ ಪಕ್ಕಾ ಅಲ್ಲ, ಕೆಲವು ಮೀಟರ್ ಆಚೆ ಈಚೆ ಆಗುತ್ತೆ. ಮತ್ತೆ ಅದು ನೆಲದ ಅಳತೆ ಅಲ್ಲ, ಕೇಬಲ್ ಉದ್ದ, ಇದನ್ನ ತುಂಬಾ ಜನ ಮರೀತಾರೆ. ರ‍್ಯಾಕಲ್ಲಿ ಸುತ್ತಿಟ್ಟಿರೋದು, ಗೋಡೆ ಹತ್ತಿ ಇಳಿದಿರೋದು ಎಲ್ಲ ಅದ್ರಲ್ಲಿ ಸೇರುತ್ತೆ. ಅದನ್ನೆಲ್ಲ ಕಳೆದು ಲೆಕ್ಕ ಹಾಕಿದ್ರೆ ಕಾಫಿ ಕಣ ದಾಟಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಹೌಸ್ ಅಟ್ಟಕ್ಕೆ ಬಂತು. ಕೊಯ್ಲು ಮುಗಿದ ಮೇಲೆ ಅಲ್ಲಿಗೆ ಯಾರೂ ಹೋಗಲ್ಲ. ರೈಟರ್ ಏಣಿ ಹಾಕಿ ಟಾರ್ಚ್ ಬಿಟ್ಟು ನೋಡಿ, "ಸರ್, ಇಲಿ ಕಡ್ದಿದೆ, ಒಳಗಿನ ತಂತಿ ಕಾಣ್ತಿದೆ" ಅಂದ್ರು. ಮಡಿಕೇರಿ ಮನೇಲಿ ಕೂತು ಆ ಮಾತು ಕೇಳಿದಾಗ ಮೈ ಜುಂ ಅಂತು, ನಿಜವಾಗ್ಲೂ.

ಸಿಸ್ಕೋ ಕಂಪನಿ ಸ್ವಿಚ್ಚಲ್ಲಿ 'ಟೆಸ್ಟ್ ಕೇಬಲ್-ಡಯಾಗ್ನಾಸ್ಟಿಕ್ಸ್ ಟಿಡಿಆರ್ ಇಂಟರ್ಫೇಸ್' ಅಂತ ಹೊಡೆದು ಪೋರ್ಟ್ ನಂಬರ್ ಕೊಡಿ, ಕೆಲವು ಸೆಕೆಂಡ್ ಬಿಟ್ಟು ಅದೇ ಸಾಲನ್ನ 'ಟೆಸ್ಟ್' ಬದ್ಲು 'ಶೋ' ಹಾಕಿ ಹೊಡೆದ್ರೆ ಟೇಬಲ್ ಬರುತ್ತೆ. ಮೈಕ್ರೋಟಿಕ್ ಕಂಪನಿದ್ರಲ್ಲಿ ಇದಕ್ಕೆ ಕೇಬಲ್-ಟೆಸ್ಟ್ ಅಂತಾರೆ. ಎಲ್ಲಾ ಮಾಡೆಲ್‌ನಲ್ಲೂ ಇರಲ್ಲ, ಫೈಬರ್ ಪೋರ್ಟಿಗೆ ಇದು ನಡಿಯಲ್ಲ. ಟೆಸ್ಟ್ ಓಡುವಾಗ ಆ ಪೋರ್ಟಿನ ಲಿಂಕ್ ಬಿದ್ದು ಏಳಬಹುದು, ಅದಕ್ಕೇ ಅಲ್ಲಿ ಕೂತಿರೋರಿಗೆ ಮೊದ್ಲೇ ಹೇಳಿ, ಮತ್ತೆ ನೀವು ಯಾವ ಪೋರ್ಟ್ ಮೂಲಕ ಸ್ವಿಚ್ ಒಳಗೆ ಬಂದಿದ್ದೀರೋ ಅದರ ಮೇಲೆ ಮಾತ್ರ ದಯವಿಟ್ಟು ಓಡಿಸ್ಬೇಡಿ.

ಮಳೆ ಬಿಟ್ಟ ಮೇಲೆ ಹೋಗಿ ಅಟ್ಟದಲ್ಲಿ ಹಾದು ಹೋಗೋ ಕಡೆಯಷ್ಟೂ ಜಿಐ ಪೈಪ್ ಹಾಕ್ಸಿ, ಪಲ್ಪರ್ ಹೌಸ್ ಗೋಡೆಗೆ ಒಂದು ಬಾಕ್ಸ್ ಕೂರ್ಸಿ ಅಲ್ಲಿಂದ ಗೋಡೌನಿಗೆ ಹೊಸ ತುಂಡು ಎಳೆದ್ವಿ. ಲಿಂಕ್ ಗಿಗಾಬಿಟ್‌ಗೆ ಬಂತು, ಟೆಸ್ಟ್ ಮತ್ತೆ ಓಡಿಸ್ದೆ, ನಾಲ್ಕೂ ನಾರ್ಮಲ್. ಅಲ್ಲಿದ್ದ ಎಲ್ಲಾ ಪೋರ್ಟುಗಳ ಉದ್ದನೂ ಒಂದು ಹಾಳೇಲಿ ಬರೆದು, ಯಾವ ಕೇಬಲ್ ಯಾವ ಗೋಡೆ ಹತ್ತುತ್ತೆ ಅಂತ ಪಕ್ಕದಲ್ಲಿ ಗುರುತು ಹಾಕಿ, ಪ್ಲಾಸ್ಟಿಕ್ ಕವರಲ್ಲಿಟ್ಟು ರ‍್ಯಾಕ್ ಬಾಗಿಲ ಒಳಗೆ ಅಂಟಿಸಿ ಬಂದಿದೀನಿ. ಒಂದು ಕಾಪಿ ರೈಟರ್ ಹತ್ರಾನೂ ಇದೆ.