ಅಂಥವರು ಈಗ ಯಾಕೆ ಹುಟ್ಟುತ್ತಿಲ್ಲ ಎಂದು ಕೇಳುವವರಿಗೆ

ನಮ್ಮ ನಾಡಿನ ಹೆಸರಾಂತರ ಹುಟ್ಟಿದ ದಿನಗಳನ್ನು ದಶಕವಾರು ಬರೆದಿಡುವುದು ನನಗೆ ಬಹುಕಾಲದ ರೂಢಿ. ಸಾಹಿತಿ, ಗಾಯಕ, ವಿಜ್ಞಾನಿ, ನಟ, ಆಟಗಾರ ಎಂದು ಬೇರೆಬೇರೆ ಪಟ್ಟಿ ಮಾಡದೆ, ಒಂದೇ ಹತ್ತು ವರ್ಷದಲ್ಲಿ ಹುಟ್ಟಿದವರನ್ನೆಲ್ಲ ಒಂದೇ ಕಡೆ ಬರೆಯುತ್ತೇನೆ. ಅವತ್ತು ಯಾರ ಜನ್ಮದಿನವೋ ಅವರ ಬಗ್ಗೆ ನಾಲ್ಕು ಸಾಲು ಬರೆದು ಬಳಗದವರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಡಿಸೆಂಬರ್ 29ಕ್ಕೆ ಕುವೆಂಪು, ಜನವರಿ 31ಕ್ಕೆ ಬೇಂದ್ರೆ, ಏಪ್ರಿಲ್ 24ಕ್ಕೆ ರಾಜ್‌ಕುಮಾರ್. ಕಳಿಸಿದ ಬೆನ್ನಿಗೇ ಯಾರಾದರೊಬ್ಬರು ಕೇಳುತ್ತಾರೆ: "ಅಂಥವರು ಈಗ ಯಾಕೆ ಹುಟ್ಟುತ್ತಿಲ್ಲ?" ಕೆಲವರದ್ದು ಬೇಸರ, ಕೆಲವರದ್ದು ನಿಜವಾದ ಕುತೂಹಲ. ಇಬ್ಬರಿಗೂ ಸೇರಿಸಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಜ್ಞಾನಪೀಠದ ಎಂಟು ಹೆಸರುಗಳು. ಅವರ ಹುಟ್ಟಿದ ವರ್ಷ ನೋಡಿ. ಮಾಸ್ತಿ 1891, ಬೇಂದ್ರೆ 1896, ಕಾರಂತ 1902, ಕುವೆಂಪು 1904, ಗೋಕಾಕ 1909. ಆಮೇಲೆ ಅನಂತಮೂರ್ತಿ 1932, ಕಂಬಾರ 1937, ಕಾರ್ನಾಡ 1938. ನಡುವೆ, 1910ರಿಂದ 1931ರವರೆಗೆ ಹುಟ್ಟಿದವರಲ್ಲಿ ಒಬ್ಬರಿಗೂ ಆ ಪ್ರಶಸ್ತಿ ಬಂದಿಲ್ಲ. ಹಾಗಂತ ಆ ಇಪ್ಪತ್ತೆರಡು ವರ್ಷ ಕನ್ನಡಕ್ಕೆ ಬರಗಾಲವೇ? ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು 1915ರಲ್ಲಿ, ಗೋಪಾಲಕೃಷ್ಣ ಅಡಿಗರು 1918ರಲ್ಲಿ, ಜಿ.ಎಸ್. ಶಿವರುದ್ರಪ್ಪ 1926ರಲ್ಲಿ, ತ್ರಿವೇಣಿ ಮತ್ತು ಯಶವಂತ ಚಿತ್ತಾಲ 1928ರಲ್ಲಿ, ಎ.ಕೆ. ರಾಮಾನುಜನ್ 1929ರಲ್ಲಿ. ಅಡಿಗರಿಲ್ಲದ ಕನ್ನಡ ಕಾವ್ಯವನ್ನು ನನಗಂತೂ ಊಹಿಸಿಕೊಳ್ಳಲು ಆಗುವುದಿಲ್ಲ. ಪ್ರಶಸ್ತಿಯ ಪಟ್ಟಿ ಹಿಡಿದು ದಶಕಗಳನ್ನು ತೂಗುವುದನ್ನು ಮೊದಲು ಬಿಡಬೇಕು.

ಇನ್ನೊಂದು ವಿಷಯ ವಯಸ್ಸು. ನಾವು ಹಿರಿಯರನ್ನು ನೋಡುವುದು ಅವರ ಬಾಳಿನ ಕೊನೆಯಿಂದ. ಮಾಸ್ತಿಯವರಿಗೆ ಜ್ಞಾನಪೀಠ ಬಂದಾಗ ತೊಂಬತ್ತೆರಡು ವರ್ಷ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಅಚ್ಚಾದದ್ದು 1967ರಲ್ಲಿ, ಅವರಿಗೆ ಅರವತ್ತೆರಡು ತುಂಬಿತ್ತು. ಗಾಯಕ ಮಲ್ಲಿಕಾರ್ಜುನ ಮನ್ಸೂರರಿಗೆ ಪದ್ಮಶ್ರೀ ಬಂದದ್ದು 1970ರಲ್ಲಿ, ಐವತ್ತೊಂಬತ್ತರ ವಯಸ್ಸಿನಲ್ಲಿ. ಭೀಮಸೇನ ಜೋಶಿಯವರಿಗೆ ಭಾರತರತ್ನ ಎಂಬತ್ತಾರರಲ್ಲಿ. 1985ರಲ್ಲಿ ಹುಟ್ಟಿದವರಿಗೆ ಈಗ ನಲವತ್ತರ ಆಸುಪಾಸು. ಅವರನ್ನು ತೊಂಬತ್ತೆರಡರ ಮಾಸ್ತಿಯವರ ಪಕ್ಕ ನಿಲ್ಲಿಸಿ ಅಳೆಯುವುದು ನ್ಯಾಯವಲ್ಲ.

ಆದರೆ ವಯಸ್ಸಿನ ಮಾತಷ್ಟೇ ಹೇಳಿ ಕೈತೊಳೆದುಕೊಂಡರೆ ಉತ್ತರ ಅರ್ಧವಾಯಿತು. ಕೆಲವು ದಶಕಗಳಲ್ಲಿ, ಕೆಲವು ಊರುಗಳಲ್ಲಿ ಒಂದೇ ಕ್ಷೇತ್ರದ ದೊಡ್ಡವರು ಗುಂಪಾಗಿ ಹುಟ್ಟಿದ್ದು ನಿಜ. ಯಾಕೆ ಎಂದು ಹುಡುಕುತ್ತಾ ಹೋದರೆ ಪ್ರತಿ ಸಲವೂ ಸಿಗುವುದು ಒಬ್ಬ ಗುರು, ಒಂದು ಕಂಪನಿ, ಒಂದು ಕಾಲೇಜು, ಒಂದು ಮೈದಾನ.

ಧಾರವಾಡ ಸೀಮೆಯ ಹಿಂದೂಸ್ತಾನಿ ಗಾಯಕರನ್ನೇ ತೆಗೆದುಕೊಳ್ಳಿ. ಮನ್ಸೂರರು 1910, ಗಂಗೂಬಾಯಿ ಹಾನಗಲ್ 1913, ಭೀಮಸೇನ ಜೋಶಿ 1922, ಬೆಳಗಾವಿ ಹತ್ತಿರದ ಸುಳೇಭಾವಿಯ ಕುಮಾರ ಗಂಧರ್ವರು 1924. ಇದೇ ಅವಧಿಯಲ್ಲಿ ಕುಂದಗೋಳ ತಾಲ್ಲೂಕಿನ ಯಲಿವಾಳದಲ್ಲಿ ಬಸವರಾಜ ರಾಜಗುರು. ಹದಿನಾಲ್ಕು ವರ್ಷದೊಳಗೆ ಐದು ಮಂದಿ! "ಆ ನೀರಿನ ಗುಣ" ಎಂದು ಜನ ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಕಿರಾಣಾ ಘರಾಣೆಯ, ಅಂದರೆ ಆ ಹೆಸರಿನ ಗಾಯನ ಪರಂಪರೆಯ, ಅಬ್ದುಲ್ ಕರೀಂ ಖಾನರು ಮೀರಜದಿಂದ ಮೈಸೂರು ಆಸ್ಥಾನಕ್ಕೆ ಹೋಗಿ ಬರುವಾಗ ಧಾರವಾಡದಲ್ಲಿ ತಂಗುತ್ತಿದ್ದರು. ಕುಂದಗೋಳದ ಹುಡುಗ ರಾಮಭಾವು ಅವರ ಶಿಷ್ಯನಾದ. ಅವರೇ ಮುಂದೆ ಸವಾಯಿ ಗಂಧರ್ವರು. ಅವರು ಊರಿಗೆ ಮರಳಿ ಅಲ್ಲೇ ನೆಲೆಸಿದ್ದರಿಂದ ಕುಂದಗೋಳ ಒಂದು ಪಾಠಶಾಲೆಯಾಯಿತು. ಗುರುವನ್ನು ಹುಡುಕಿಕೊಂಡು ಹನ್ನೊಂದರ ವಯಸ್ಸಿಗೇ ಮನೆ ಬಿಟ್ಟು ಗ್ವಾಲಿಯರ್‌ವರೆಗೆ ಅಲೆದ ಭೀಮಸೇನರಿಗೆ ಕೊನೆಗೆ ಗುರು ಸಿಕ್ಕಿದ್ದು ತಮ್ಮ ಜಿಲ್ಲೆಯ ಪಕ್ಕದಲ್ಲೇ. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಪಾಠ ಮುಗಿಸಿ ರೈಲಿನಲ್ಲೇ ವಾಪಸ್ಸಾಗುತ್ತಿದ್ದರು. ಆ ರೈಲು ಇಲ್ಲದಿದ್ದರೆ, ಅದಕ್ಕೂ ಮುಂಚೆ ಮಗಳಿಗೆ ಹಾಡು ಕಲಿಸುವ ಧೈರ್ಯ ತಾಯಿ ಅಂಬಾಬಾಯಿಯವರಿಗೆ ಇಲ್ಲದಿದ್ದರೆ ಗಂಗೂಬಾಯಿ ಹುಟ್ಟುತ್ತಿದ್ದರು, ಆದರೆ ನಮಗೆ ಗೊತ್ತಾಗುತ್ತಿರಲಿಲ್ಲ.

ರಂಗಭೂಮಿ, ಸಿನಿಮಾದಲ್ಲೂ ಹಾಗೇ. 1929ರಲ್ಲಿ ಇಬ್ಬರು ಹುಟ್ಟಿದರು: ಗಾಜನೂರಿನಲ್ಲಿ ರಾಜ್‌ಕುಮಾರ್, ದಕ್ಷಿಣ ಕನ್ನಡದಲ್ಲಿ ಬಿ.ವಿ. ಕಾರಂತ. ಒಬ್ಬರು ಬೆಳ್ಳಿತೆರೆಗೆ, ಇನ್ನೊಬ್ಬರು ಆಧುನಿಕ ರಂಗಭೂಮಿಗೆ. ಇಬ್ಬರೂ ಹುಡುಗರಾಗಿದ್ದಾಗ ಸೇರಿದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಕೂಡ ಅಲ್ಲಿಂದಲೇ ಬಂದವರು. ಕಾರಂತರನ್ನು ಓದಲು ಕಾಶಿಗೆ ಕಳಿಸಿದವರೂ ವೀರಣ್ಣನವರೇ. ಊಟ, ವಸತಿ, ಪಾತ್ರ, ಶಿಸ್ತು ಎಲ್ಲವನ್ನೂ ಕೊಟ್ಟ ಅಂಥ ಕಂಪನಿಯನ್ನು ಬಿಟ್ಟು ಇವರ ಬಗ್ಗೆ ಮಾತನಾಡುವುದು ಹೇಗೆ?

1932ನ್ನು ಕೂಡ ನಾನು ಆಗಾಗ ಎತ್ತಿ ತೋರಿಸುತ್ತೇನೆ. ಅನಂತಮೂರ್ತಿ, ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ, ಉಡುಪಿ ಹತ್ತಿರದ ಅದಮಾರಿನ ವಿಜ್ಞಾನಿ ಯು.ಆರ್. ರಾವ್ ಮೂವರೂ ಹುಟ್ಟಿದ್ದು ಆ ವರ್ಷ. ರಾವ್ ಅವರ ತಂಡ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಅದು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ಸ್ವಾತಂತ್ರ್ಯ ಬಂದಾಗ ಹದಿನೈದರ ಹರೆಯದಲ್ಲಿದ್ದ ಹುಡುಗರಿವರು. ಹೊಸ ದೇಶ ಹೊಸ ಸಂಸ್ಥೆಗಳನ್ನು ಕಟ್ಟುವ ಹೊತ್ತಿಗೆ ಸರಿಯಾಗಿ ಇವರ ಓದು ಮುಗಿದಿತ್ತು.

ಆಟದಲ್ಲಿ ಇದು ಇನ್ನೂ ಸ್ಪಷ್ಟ. ಪ್ರಸನ್ನ (1940), ಚಂದ್ರಶೇಖರ್ (1945), ವಿಶ್ವನಾಥ್ (1949) ಸೇರಿ 1974ರಲ್ಲಿ ರಣಜಿ ಕ್ರಿಕೆಟ್ ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ಮಣಿಸಿದರು. ಸತತ ಹದಿನೈದು ವರ್ಷ ಟ್ರೋಫಿ ಬಿಟ್ಟುಕೊಡದಿದ್ದ ತಂಡ ಅದು. ಫೈನಲ್ ಗೆದ್ದು ಕರ್ನಾಟಕ ಮೊದಲ ಸಲ ಚಾಂಪಿಯನ್ ಆಯಿತು. ಆಗ ಎಳೆಮಕ್ಕಳಾಗಿದ್ದವರ ಪಟ್ಟಿ ಓದಿ: ವೆಂಕಟೇಶ್ ಪ್ರಸಾದ್ ಮತ್ತು ಶ್ರೀನಾಥ್ ಇಬ್ಬರೂ 1969ರ ಆಗಸ್ಟ್, ಸುನಿಲ್ ಜೋಶಿ ಮತ್ತು ಕುಂಬ್ಳೆ 1970, ದ್ರಾವಿಡ್ 1973. ಕರ್ನಾಟಕದ ಹುಡುಗ ಇಂಡಿಯಾಕ್ಕೆ ಆಡಬಹುದು ಎನ್ನುವುದು ಇವರಿಗೆ ಕನಸಾಗಿರಲಿಲ್ಲ, ಕಣ್ಣೆದುರಿಗಿದ್ದ ಸಂಗತಿ. ಸುನಿಲ್ ಜೋಶಿ ಗದಗದ ಹುಡುಗ. ಬೆಳಗಿನ ಜಾವ ಎದ್ದು ಅರವತ್ತು ಕಿಲೋಮೀಟರಿನಷ್ಟು ದೂರದ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಅವರಿಗಿಂತ ಮುಂಚೆ, 1955ರಲ್ಲಿ ಹುಟ್ಟಿದ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮದುವೆ ಇದ್ದ ದಿನ ಆಟ ಇಲ್ಲ! ಅಂಥ ಹಾಲಿನಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಮುಂದಿನ ಮಕ್ಕಳು ಮುಹೂರ್ತ ಮುಗಿಯುವುದನ್ನು ಕಾಯಬಾರದೆಂದೋ ಏನೋ, 1994ರಲ್ಲಿ ಅಕಾಡೆಮಿಯನ್ನೇ ಕಟ್ಟಿದರು.

ಈಗಿನವರ ಮಾತಿಗೆ ಬಂದರೆ, ನಾವು ಹುಡುಕುವ ಜಾಗವೂ ಬದಲಾಗಬೇಕು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಾಲ್ಫ್ ಆಡಿ ನಾಲ್ಕನೆಯ ಸ್ಥಾನ ಪಡೆದರು. ಸ್ವಲ್ಪದರಲ್ಲಿ ಪದಕ ತಪ್ಪಿತು. ನನಗೆ ಪ್ರಶ್ನೆ ಕೇಳುವವರಲ್ಲಿ ಆ ಹೆಸರು ನೆನಪಿಟ್ಟವರು ಕಡಿಮೆ. ಗಾಲ್ಫ್ ನಮ್ಮ 'ಮಹನೀಯರ' ಪಟ್ಟಿಯಲ್ಲಿ ಇನ್ನೂ ಒಂದು ಕ್ಷೇತ್ರವಾಗಿಲ್ಲ, ಅಷ್ಟೆ.

"ಹಾಗಾದರೆ ನಿಮ್ಮ ಲೆಕ್ಕದಲ್ಲಿ ಯಾವ ದಶಕ ದೊಡ್ಡದು?" ಎಂದು ಆಮೇಲೆ ಕೇಳುತ್ತಾರೆ. 1890ರದ್ದೋ 1930ರದ್ದೋ ಹೇಳುತ್ತೇನೆ ಎಂದು ಅವರ ನಿರೀಕ್ಷೆ. ನಾನು ಹೇಳುವುದು 1940ರ ದಶಕ, ಅದಕ್ಕೆ ಅಂಟಿಕೊಂಡ 1950ರ ಮೊದಲ ಕೆಲವು ವರ್ಷಗಳು.

ಅದಕ್ಕೆ ಹಿಂದಿನ ಪಟ್ಟಿಗಳನ್ನು ಓದುವಾಗ ಯಾರಿಲ್ಲ ಎನ್ನುವುದನ್ನೂ ನೋಡಿ. ಸಾಹಿತ್ಯದಲ್ಲಿ ಮೇಲುಜಾತಿಯ, ಅನುಕೂಲಸ್ಥ ಮನೆಗಳ ಗಂಡಸರೇ ತುಂಬಿದ್ದಾರೆ. ಕೊಡಗಿನ ಗೌರಮ್ಮ (1912), ತ್ರಿವೇಣಿ ಅಂಥವರು ಬೆರಳೆಣಿಕೆ, ಅವರೂ ಬೇಗ ತೀರಿಕೊಂಡರು. ದಲಿತ ಕೇರಿಯಿಂದ ಬಂದವರು ಕಾಣುವುದೇ ಇಲ್ಲ. ಕೇರಿಗಳಲ್ಲಿ ಆಗ ಕವಿಗಳು ಹುಟ್ಟುತ್ತಿರಲಿಲ್ಲವೇ? ಹುಟ್ಟುತ್ತಿದ್ದರು. ಹಾಡು ಕಟ್ಟುತ್ತಿದ್ದರು, ಹೆಸರಿಲ್ಲದೆ ಹೋದರು. ಶಾಲೆ, ಹಾಸ್ಟೆಲ್, ವಿದ್ಯಾರ್ಥಿವೇತನ ಬಂದ ಮೇಲೆ ಒಂದೇ ಪೀಳಿಗೆಯಲ್ಲಿ ಚಿತ್ರ ಬದಲಾಯಿತು. ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ 1948ರಲ್ಲಿ ಕತೆಗಾರ ಮಹಾದೇವ ಹುಟ್ಟಿದರು. ಮಾಗಡಿ ಕಡೆಯಿಂದ ಬಂದು ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಓದಿದ ಕವಿ ಸಿದ್ಧಲಿಂಗಯ್ಯ ಹುಟ್ಟಿದ್ದು 1954ರಲ್ಲಿ. ಇಪ್ಪತ್ತೊಂದರ ವಯಸ್ಸಿಗೆ ಅವರ ಮೊದಲ ಸಂಕಲನ ಬಂತು, ಹಾಡುಗಳು ಮೆರವಣಿಗೆಗಳಲ್ಲಿ ಕೇಳಿಸಿದವು.

ಹೆಣ್ಣುಮಕ್ಕಳ ಹೆಸರುಗಳೂ ಇಲ್ಲಿಂದಲೇ ಸಾಲುಸಾಲಾಗಿ ಬರುತ್ತವೆ. ಕಲಬುರಗಿ ಸೀಮೆಯ ಗೀತಾ ನಾಗಭೂಷಣ 1942, ಕುಂದಾಪುರದ ವೈದೇಹಿ 1945, ಹಾಸನದ ಬಾನು ಮುಷ್ತಾಕ್ 1948. ಬಾನು ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡಾಗ ಹಾಕಿದ ಷರತ್ತು, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು ಎಂದು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. 2025ರಲ್ಲಿ, ಎಪ್ಪತ್ತೇಳರ ವಯಸ್ಸಿನಲ್ಲಿ, ಅವರ ಕನ್ನಡ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಇನ್ನು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕನ್ನಡಕ್ಕೆ ಮೊದಲು ಬಂದದ್ದು 1955ರಲ್ಲಿ, ಕುವೆಂಪು ಅವರಿಗೆ. ಅದನ್ನು ಕನ್ನಡದ ಮಹಿಳೆಯೊಬ್ಬರು ಮೊದಲು ಪಡೆದದ್ದು 2004ರಲ್ಲಿ, ಗೀತಾ ನಾಗಭೂಷಣ. ನಡುವಿನ ಆ ನಲವತ್ತೊಂಬತ್ತು ವರ್ಷಗಳಲ್ಲಿ ಬರೆಯುವ ಹೆಂಗಸರು ನಮ್ಮಲ್ಲಿ ಹುಟ್ಟಿರಲಿಲ್ಲ ಎಂದು ಯಾರೂ ಹೇಳಲಾರರು.