ಪಾಪಿ ಚಿರಾಯು

ಪಕ್ಕದ ಮನೆಯ ಅಜ್ಜಿಯ ನಾಯಿಯ ಹೆಸರು ಪಾಪಿ. ತಪ್ಪು ತಿಳೀಬೇಡಿ. ಗಸಗಸೆ ಜಾತಿಯ ಒಂದು ಕೆಂಪು ಹೂವಿಗೆ ಇಂಗ್ಲೆಂಡಿನಲ್ಲಿ ಹಾಗನ್ನುತ್ತಾರೆ. ನವೆಂಬರ್ ಬಂತೆಂದರೆ ಯುದ್ಧದಲ್ಲಿ ಸತ್ತವರ ನೆನಪಿಗೆ ಎಲ್ಲರೂ ಕೋಟಿನ ಮೇಲೆ ಕಾಗದದ ಪಾಪಿ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಹೆಣ್ಣುಮಕ್ಕಳಿಗೂ ಹೆಣ್ಣುನಾಯಿಗಳಿಗೂ ಆ ಹೆಸರು ಮಾಮೂಲು. ಆದರೆ ತೀರ್ಥಹಳ್ಳಿ ಕಡೆ ಹುಟ್ಟಿ ಬೆಳೆದವಳು ನಾನು, ಬೀದಿಯಲ್ಲಿ ನಿಂತು "ಪಾಪಿ, ಬಾ ಇಲ್ಲಿ" ಅಂತ ಕೂಗಬೇಕು ಅಂದ್ರೆ ಹೇಗಾಗಬೇಡ ಹೇಳಿ. ಮೊದಲೆರಡು ದಿನ ಮೆತ್ತಗೆ ಕರೆದೆ. ಮೂರನೇ ದಿನ ಅಮ್ಮ ವಿಡಿಯೋ ಕಾಲ್‌ನಲ್ಲಿದ್ದಾಗ ಜೋರಾಗಿ ಕರೆದುಬಿಟ್ಟೆ. ಅಮ್ಮನಿಗೆ ಗಾಬರಿ.

"ಯಾರಿಗೇ ಹಂಗೆ ಬೈತಿದೀಯ? ಅಳಿಯಂದ್ರು ಮನೇಲೇ ಇದಾರಾ?"

ನಾವಿರುವುದು ಆಕ್ಸ್‌ಫರ್ಡ್ ಪಕ್ಕದ ಕಿಡ್ಲಿಂಗ್ಟನ್‌ನಲ್ಲಿ. ಅಜ್ಜಿಗೆ ಸೊಂಟದ ಆಪರೇಷನ್ ಇತ್ತು. ಆಸ್ಪತ್ರೆಯಲ್ಲಿ ಮೂರು ದಿನ, ಆಮೇಲೆ ಒಂದು ವಾರ ತಂಗಿಯ ಮನೆ. ಆ ತಂಗಿಗೆ ನಾಯಿಕೂದಲು ಕಂಡರೆ ಸೀನು ಶುರು. ಹಾಗಾಗಿ ಹತ್ತು ದಿನ ಪಾಪಿಯನ್ನು ನೋಡ್ಕೊಳ್ತೀಯಾ ಅಂತ ನನ್ನನ್ನು ಕೇಳಿದರು. ಬೇಡ ಅನ್ನಲು ಬಾಯಿ ಬರಲಿಲ್ಲ. ನಾನು ಮನೆಯಿಂದಲೇ ಕೆಲಸ ಮಾಡುವವಳು, ಅದು ಅವರಿಗೂ ಗೊತ್ತು.

ನನಗೆ ಗೊತ್ತಿದ್ದ ನಾಯಿ ಅಂದ್ರೆ ನಮ್ಮನೆಯ ಕರಿಯ. ಕರಿಯ ಜನ್ಮದಲ್ಲಿ ಒಂದು ದಿನ ಮನೆಯೊಳಗೆ ಕಾಲಿಟ್ಟವನಲ್ಲ. ಹಗಲು ತೋಟ, ಅಂಗಳ. ಮಳೆಗಾಲದ ರಾತ್ರಿ ಬಚ್ಚಲು ಒಲೆಯ ಬೂದಿಯಲ್ಲಿ ಮಲಗುತ್ತಿದ್ದ, ಬೆಳಿಗ್ಗೆ ಎದ್ದಾಗ ಕರಿಯ ಬಿಳಿಯನಾಗಿರುತ್ತಿದ್ದ. ಹಿತ್ತಿಲಲ್ಲಿದ್ದ ಒಡೆದ ಒರಳೇ ಅವನ ತಟ್ಟೆ. ಮಿಕ್ಕ ಅನ್ನ, ಅದರ ಮೇಲೆ ಮಜ್ಜಿಗೆ. ಡಾಕ್ಟರು ಅಂದರೆ ದನದ ಡಾಕ್ಟರು, ಅವರೂ ಹಸುವಿಗೆ ಬಂದಾಗ ಇವನನ್ನೂ ಒಂದು ಸಲ ನೋಡಿ ಹೋಗುತ್ತಿದ್ದರು ಅಷ್ಟೆ. ಒಂದು ರಾತ್ರಿ ಚಿರತೆ ಎತ್ತಿಕೊಂಡು ಹೋಯಿತು. ಎರಡು ದಿನ ಅತ್ತೆವು, ಮೂರನೇ ವಾರಕ್ಕೆ ಇನ್ನೊಂದು ಮರಿ ಬಂತು. ಅದಕ್ಕೂ ಕರಿಯ ಅಂತಲೇ ಹೆಸರು.

ಇಂಥವಳ ಕೈಗೆ ಅಜ್ಜಿ ಎರಡೂ ಬದಿ ಬರೆದ ಒಂದು ಹಾಳೆ ಕೊಟ್ಟರು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಸುತಾರಾಂ ಕೂಡದು, ವಿಷ. ಊಟದ ಹೊತ್ತಿಗೆ ಕಿವಿಗೆ ಬಟ್ಟೆಯ ಪಟ್ಟಿ ಹಾಕಬೇಕು, ಇಲ್ಲದಿದ್ದರೆ ಆ ಉದ್ದ ಕೂದಲಿನ ಕಿವಿಗಳೂ ಅವಳ ಜೊತೆ ಊಟಕ್ಕಿಳಿಯುತ್ತವೆ. ದಿನಾ ಕಿವಿಯ ಹಿಂದೆ ಬಾಚಬೇಕು, ಅಲ್ಲೇ ಗಂಟು ಕಟ್ಟುವುದು. ಬೆಳಿಗ್ಗೆ, ಸಂಜೆ ಊಟಕ್ಕೆ ಒಂದು ಗಂಟೆ ಮುಂಚೆ ಹೃದಯದ ಮಾತ್ರೆ. ಕೊನೆಯ ಸಾಲಿಗೆ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದಿದ್ದರು: ರಾತ್ರಿ ನಿದ್ದೆ ಹತ್ತಿದ ಮೇಲೆ ಉಸಿರು ಎಣಿಸು. ನಿಮಿಷಕ್ಕೆ ಮೂವತ್ತರ ಒಳಗಿರಬೇಕು. ಅಂಕಿ ನನಗೆ ಮೆಸೇಜ್ ಮಾಡು.

ಆಪರೇಷನ್ ಅವರಿಗೆ, ಚಿಂತೆ ನಾಯಿಯದ್ದು. ಸ್ವಲ್ಪ ಅತಿಯಾಯ್ತು ಅಂತಲೇ ಅಂದುಕೊಂಡೆ.

ಪಾಪಿ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಜಾತಿ. ವಯಸ್ಸು ಎಂಟು. ತೂಕ ಏಳು ಕೆಜಿ, ಅಂದರೆ ಒಂದು ಸಾಧಾರಣ ಹಲಸಿನಹಣ್ಣು. ಮೈ ಬಿಳಿ, ಅದರ ಮೇಲೆ ಕಂದುಗೆಂಪು ತೇಪೆಗಳು, ಮುಖದ ಅರ್ಧವೇ ತುಂಬುವ ಕಣ್ಣು. ಮೊದಲ ಸಂಜೆ ನಾನು ಸೋಫಾದಲ್ಲಿ ಕೂತಿದ್ದೇ ತಡ, ಹತ್ತಿ ಬಂದು ತೊಡೆ ಮೇಲೆ ಒಂದು ಸುತ್ತು ತಿರುಗಿ, ಗದ್ದವನ್ನು ನನ್ನ ಮೊಣಕಾಲಿಗೆ ಊರಿ ಮಲಗಿತು. ಒಂದು ಮಾತು ಕೇಳೋದು ಬೇಡ್ವಾ! ನಾನು ಕೈ ಎಲ್ಲಿಡಬೇಕು ಗೊತ್ತಾಗದೆ ಗಾಳಿಯಲ್ಲೇ ಹಿಡಿದುಕೊಂಡಿದ್ದೆ. ಐದು ನಿಮಿಷ ಆದಮೇಲೆ ತೋಳು ನೋವು ಬಂದು ಅವಳ ಬೆನ್ನ ಮೇಲೆ ಇಟ್ಟೆ. ಬೆಚ್ಚಗಿತ್ತು. ಇಲ್ಲಿ ಹೀಟಿಂಗ್ ಬಿಲ್ ನೋಡಿದವರಿಗೆ ಆ ಬಿಸಿಯ ಬೆಲೆ ಗೊತ್ತು.

ಈ ಜಾತಿಯನ್ನು ಮಾಡಿದ್ದೇ ಅದಕ್ಕಂತೆ. ನಾನೂರು ಐನೂರು ವರ್ಷದ ಹಿಂದೆ ಇಲ್ಲಿನ ದೊಡ್ಡ ಮನೆಗಳ ಹೆಂಗಸರು ಪುಟ್ಟ ಸ್ಪ್ಯಾನಿಯಲ್‌ಗಳನ್ನು ಚಳಿಗೆ ತೊಡೆ ಮೇಲೆ, ಹೊಟ್ಟೆನೋವು ಬಂದರೆ ಹೊಟ್ಟೆ ಮೇಲೆ ಇಟ್ಟುಕೊಳ್ಳುತ್ತಿದ್ದರು. 1660ರಲ್ಲಿ ಪಟ್ಟಕ್ಕೆ ಬಂದ ಎರಡನೇ ಚಾರ್ಲ್ಸ್ ದೊರೆಗೆ ಇವು ಅಂದ್ರೆ ಪ್ರಾಣ. ಅವನ ಹೆಸರೇ ಇವಕ್ಕೆ ಅಂಟಿದ್ದು. ಸ್ಯಾಮ್ಯುಯಲ್ ಪೀಪ್ಸ್ ಅಂತ ಒಬ್ಬ ಅಧಿಕಾರಿ 1667ರ ತನ್ನ ಡೈರಿಯಲ್ಲಿ ಗೊಣಗಿದ್ದಾನೆ, ಸಭೆಯಲ್ಲಿ ದೊರೆ ರಾಜ್ಯದ ಕೆಲಸ ನೋಡೋದು ಬಿಟ್ಟು ನಾಯಿ ಜೊತೆ ಆಟ ಆಡ್ತಾ ಕೂತಿದ್ದ ಅಂತ. ಈಗ ಮೀಟಿಂಗಿನಲ್ಲಿ ಮೇಜಿನ ಕೆಳಗೆ ಮೊಬೈಲು ನೋಡುವವರ ಮೂಲಪುರುಷ ಇವನೇ ಇರಬೇಕು. ಈ ನಾಯಿಗಳು ಪಾರ್ಲಿಮೆಂಟಿಗೂ ನುಗ್ಗಬಹುದು, ದೊರೆ ಹಾಗಂತ ಕಾನೂನೇ ಮಾಡಿದ್ದಾನೆ ಅಂತ ಇಲ್ಲಿ ಬಹಳ ಜನ ನಂಬಿದ್ದಾರೆ. ಅದು ಕಟ್ಟುಕಥೆ, ಅಂಥ ಕಾನೂನಿಲ್ಲ.

ಪಾಪಿಯ ಬಣ್ಣಕ್ಕೆ ಬ್ಲೆನಿಮ್ ಅನ್ನುತ್ತಾರೆ. ಆ ಹೆಸರಿನ ಅರಮನೆ ನಮ್ಮೂರಿನಿಂದ ಬಸ್ಸಿನಲ್ಲಿ ಹತ್ತಿರವೇ, ವುಡ್‌ಸ್ಟಾಕ್‌ನಲ್ಲಿದೆ. 1704ರಲ್ಲಿ ಜರ್ಮನಿಯ ಡಾನ್ಯೂಬ್ ನದಿ ಪಕ್ಕದ ಒಂದು ಹಳ್ಳಿಯಲ್ಲಿ ಯುದ್ಧ ಗೆದ್ದ ಮಾರ್ಲ್‌ಬರೋ ಡ್ಯೂಕ್‌ಗಾಗಿ ಕಟ್ಟಿದ ಅರಮನೆ ಅದು. ಹಳ್ಳಿಯ ಹೆಸರು ಅರಮನೆಗೆ ಬಂತು, ಅರಮನೆಯ ಹೆಸರು ಅಲ್ಲಿ ಸಾಕಿದ್ದ ಕೆಂಪು ಬಿಳಿ ನಾಯಿಗಳಿಗೆ ಬಂತು. ಪಾಪಿಯ ನೆತ್ತಿಯ ಮೇಲೆ, ಎರಡು ಕಿವಿಗಳ ನಡುವೆ, ಬಿಳಿ ಪಟ್ಟಿಯಲ್ಲಿ ಒಂದೇ ಒಂದು ಕಂದು ಬೊಟ್ಟು ಇದೆ. ಅದಕ್ಕೊಂದು ಕಥೆ ಹೇಳ್ತಾರೆ. ಡ್ಯೂಕ್ ಯುದ್ಧಕ್ಕೆ ಹೋಗಿದ್ದಾಗ ಹೆಂಡತಿ ಸೇರಾ ಸುದ್ದಿಗೆ ಕಾಯುತ್ತಾ, ತೊಡೆಯ ಮೇಲಿದ್ದ ಗಬ್ಬದ ನಾಯಿಯ ನೆತ್ತಿಯನ್ನು ಹೆಬ್ಬೆರಳಿನಿಂದ ಒತ್ತುತ್ತಲೇ ಇದ್ದಳಂತೆ. ಗೆದ್ದ ಸುದ್ದಿ ಬಂತು, ಹುಟ್ಟಿದ ಮರಿಗಳ ನೆತ್ತಿಯಲ್ಲೆಲ್ಲ ಹೆಬ್ಬೆಟ್ಟಿನ ಗುರುತಿತ್ತು.

ಭಾನುವಾರ ಪಾಪಿಯನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಅರಮನೆಯ ದೊಡ್ಡ ತೋಪಿನೊಳಗೆ ಎಲ್ಲರೂ ನಡೆಯಬಹುದಾದ ಕಾಲುದಾರಿ ಇದೆ. ಕುರಿಗಳು, ಮಂಜು, ದೂರದಲ್ಲಿ ಕಂಬದ ತುದಿಗೆ ನಿಂತ ಡ್ಯೂಕ್. ಹಳೇ ನೆಂಟರ ಮನೆ ತೋರಿಸಿದ ಹಾಗೆ "ನೋಡೇ, ನಿಮ್ಮಜ್ಜಿ ಮನೆ" ಅಂದೆ. ಅವಳಿಗೆ ಕುರಿ ಹಿಕ್ಕೆ ಬಿಟ್ಟು ಬೇರೇನೂ ಕಾಣಲಿಲ್ಲ. ಅರ್ಧ ಗಂಟೆ ನಡೆದದ್ದೇ ಕೂತುಬಿಟ್ಟಳು. ಎತ್ತಿಕೊಂಡು ಬೆಂಚಿನ ಮೇಲೆ ಕೂತೆ. ಸುಮ್ನೆ ಆ ಬೊಟ್ಟಿನ ಮೇಲೆ ಹೆಬ್ಬೆರಳು ಇಟ್ಟು ನೋಡಿದೆ. ಸರಿಯಾಗಿ ಕೂತಿತು. ಪಾಪಿ ಕಣ್ಣು ಮುಚ್ಚಿದಳು.

ಎದೆಗೆ ಒತ್ತಿಕೊಂಡಿದ್ದಾಗ ಅಂಗೈಗೆ ಅವಳ ಎದೆಬಡಿತ ಸಿಗುತ್ತಿತ್ತು. ಲಬ್ ಡಬ್ ಅಲ್ಲ. ಬಟ್ಟೆ ಒಗೆಯುವ ಮೆಷಿನ್ನಿನ ಒಳಗೆ ನೀರು ಹೊರಳಿದ ಹಾಗೆ ಒಂದು ನಡುಕ.

ವಿಷಯ ಇಷ್ಟು. ಹೃದಯದ ಎಡಗಡೆ ಒಂದು ವಾಲ್ವ್ ಇರುತ್ತೆ, ರಕ್ತ ಹಿಂದಕ್ಕೆ ಬರದ ಹಾಗೆ ಮುಚ್ಚುವ ಬಾಗಿಲು. ಈ ಜಾತಿಯಲ್ಲಿ ಆ ಬಾಗಿಲು ಬೇಗ ಸಡಿಲವಾಗುತ್ತದೆ. ಐದು ವರ್ಷ ತುಂಬುವಷ್ಟರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ನಾಯಿಗಳಿಗೆ ಬಡಿತದ ಜೊತೆ 'ಶ್ಶ್' ಅನ್ನುವ ಸೋರುವ ಸದ್ದು ಕೇಳುತ್ತೆ, ಹತ್ತು ವರ್ಷ ಬದುಕಿದರೆ ಹೆಚ್ಚುಕಮ್ಮಿ ಎಲ್ಲಕ್ಕೂ. ಸೋರಿ ಸೋರಿ ಹೃದಯ ಹಿಗ್ಗುತ್ತೆ, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ನೀರು ತುಂಬುವ ಮೊದಲ ಸುಳಿವೇ ನಿದ್ದೆಯಲ್ಲಿ ಉಸಿರು ಜೋರಾಗುವುದು. ಅದಕ್ಕೇ ಆ ಕೆಂಪು ಗೆರೆ. ಪಾಪಿ ತಿನ್ನುವ ಮಾತ್ರೆ ಪಿಮೊಬೆಂಡಾನ್. ಹೃದಯ ಹಿಗ್ಗಿದ ನಾಯಿಗಳಿಗೆ ಇದನ್ನು ಮೊದಲೇ ಶುರು ಮಾಡಿದರೆ ಆ ನೀರು ತುಂಬುವ ದಿನವನ್ನು ಸರಾಸರಿ ಹದಿನೈದು ತಿಂಗಳು ಮುಂದೂಡಬಹುದು ಅಂತ 2016ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಹೇಳಿದೆ. ಮಾಂಸದ ವಾಸನೆಯ ಮಾತ್ರೆ ಅದು. ನಾನು ಮೊಟ್ಟೆ ಸಹ ಮುಟ್ಟದ ಮನೆಯವಳು, ದಿನಕ್ಕೆ ಎರಡು ಸಲ ಮೂಗು ಬೇರೆ ಕಡೆ ತಿರುಗಿಸಿ ಕೊಡುತ್ತಿದ್ದೆ.

ನವೆಂಬರ್ ಐದು. ಇಲ್ಲಿ ಊರೆಲ್ಲ ಪಟಾಕಿ. ಸಂಜೆ ಆರಕ್ಕೆ ಶುರುವಾಗಿದ್ದು ಹನ್ನೊಂದಾದರೂ ನಿಲ್ಲಲಿಲ್ಲ. ಪಾಪಿ ಸೋಫಾ ಹಿಂದೆ, ಮಂಚದ ಕೆಳಗೆ, ಕೊನೆಗೆ ನನ್ನ ಸ್ವೆಟರಿನ ಒಳಗೆ. ಹನ್ನೆರಡೂವರೆಗೆ ಕಣ್ಣು ಮುಚ್ಚಿದಳು. ಅಡ್ಡ ಮಲಗಿಸಿ, ಮೊಬೈಲಿನಲ್ಲಿ ಅರ್ಧ ನಿಮಿಷ ಇಟ್ಟು ಎಣಿಸಿದೆ. ಎದೆ ಏರಿ ಇಳಿದರೆ ಒಂದು. ಹದಿನೇಳು. ಎರಡರಿಂದ ಗುಣಿಸಿದರೆ ಮೂವತ್ತನಾಲ್ಕು.

ದಿನವೂ ಇಪ್ಪತ್ತೆರಡು, ಇಪ್ಪತ್ತನಾಲ್ಕು ಇರುತ್ತಿತ್ತು. ಮತ್ತೆ ಎಣಿಸಿದೆ. ಮೂವತ್ತನಾಲ್ಕೇ. ಅಜ್ಜಿಗೆ ಮೆಸೇಜ್ ಮಾಡಲೋ ಬೇಡವೋ? ಅವರಿಗೆ ಆಪರೇಷನ್ ಆಗಿ ಇನ್ನೂ ಕೆಲವೇ ದಿನ. ರಾತ್ರಿ ತೆರೆದಿರುವ ನಾಯಿ ಆಸ್ಪತ್ರೆಯ ನಂಬರು ಹಾಳೆಯಲ್ಲಿತ್ತು. ಗಂಡನನ್ನು ಎಬ್ಬಿಸಿದೆ, "ಹತ್ತು ನಿಮಿಷ ಬಿಟ್ಟು ನೋಡು" ಅಂತ ಹೇಳಿ ಮಗ್ಗುಲು ಬದಲಿಸಿದರು. ಗಂಟೆ ಒಂದು. ಊರಲ್ಲಿ ಆರೂವರೆ, ಅಮ್ಮ ಕಾಫಿಗೆ ಹಾಲಿಟ್ಟಿರುತ್ತಾಳೆ. ಕಾಲ್ ಮಾಡಿದೆ.

"ಎಂತಾಯ್ತೇ ಇಷ್ಟೊತ್ನಲ್ಲಿ?"

"ಪಾಪಿ ಉಸಿರು ಜೋರಾಗಿದೆ ಅಮ್ಮ."

ಅಮ್ಮ ಹಾಲಿನ ಪಾತ್ರೆ ಇಳಿಸಿದ ಸದ್ದು ಕೇಳಿತು. "ಕೈಕಾಲು ಆಡಿಸ್ತಿದ್ಯಾ ನೋಡು. ನಮ್ಮ ಕರಿಯ ಕನಸಲ್ಲಿ ಬೇಟೆಗೆ ಹೋದಾಗ ಹಂಗೇ ಏದುಸಿರು ಬಿಡ್ತಿದ್ದ, ನೆನಪಿಲ್ವಾ?" ನೋಡಿದೆ. ಮುಂದಿನ ಪಂಜ ಎರಡೂ ಸಣ್ಣಗೆ ಓಡುತ್ತಿದ್ದವು. ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಹೊರಳುತ್ತಿತ್ತು. "ಕನಸೇ ಇರಬೇಕು ಕಣೇ," ಅಂದಳು ಅಮ್ಮ. "ಪಾಪಿ ಚಿರಾಯು ಅಂತಾರಲ್ಲ, ಏನೂ ಆಗಲ್ಲ." ಹೇಳಿದ ಮೇಲೆ ತಾನು ಹೇಳಿದ್ದೇನು ಅಂತ ಅವಳಿಗೂ ಹೊಳೆಯಿತು. ಇಬ್ಬರೂ ನಕ್ಕೆವು, ನಾನು ಬಾಯಿಗೆ ಕೈ ಅಡ್ಡ ಹಿಡಿದು.

ಕನಸು ಮುಗಿಯಲಿ ಅಂತ ಕಾದು ಕೂತೆ. ಆ ಹೊತ್ತಿನಲ್ಲಿ ಮೊಬೈಲು ಹಿಡಿದು ಓದಬಾರದ್ದನ್ನೆಲ್ಲ ಓದಿದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಚಪ್ಪಟೆ ಮೂಗಿನ ಫ್ಯಾಷನ್ ಬಂದು ಹಳೇ ಮೂತಿಯ ನಾಯಿಗಳು ಚಿತ್ರಪಟಗಳಲ್ಲಿ ಮಾತ್ರ ಉಳಿದವಂತೆ. 1926ರಲ್ಲಿ ರಾಸ್ವೆಲ್ ಎಲ್ಡ್ರಿಜ್ ಅನ್ನುವ ಅಮೆರಿಕದವರು ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ, ಆ ಚಿತ್ರಗಳ ಹಾಗಿರುವ ನಾಯಿ ತಂದವರಿಗೆ 25 ಪೌಂಡ್ ಬಹುಮಾನ ಇಟ್ಟರು. 1928ರಲ್ಲಿ ಗೆದ್ದ ಆನ್ಸ್ ಸನ್ ಅನ್ನುವ ನಾಯಿಯನ್ನು ಎದುರಿಗಿಟ್ಟುಕೊಂಡು ಹೊಸ ಜಾತಿಯ ಲಕ್ಷಣ ಬರೆದರು. 1945ರಲ್ಲಿ ನಾಯಿ ಜಾತಿಗಳ ದಾಖಲೆ ಇಡುವ ಕೆನಲ್ ಕ್ಲಬ್ ಅದನ್ನು ಒಪ್ಪಿತು. ಅಂದರೆ ಹಳೇ ಜಾತಿ ಅಂತ ನಾವು ಹೇಳುವ ಇದು ನಮ್ಮಜ್ಜಿಗಿಂತ ಚಿಕ್ಕದು. ಕೆಲವೇ ನಾಯಿಗಳಿಂದ ಶುರುವಾದ ವಂಶ, ನಡುವೆ ಮಹಾಯುದ್ಧ ಬಂದು ಅವೂ ಕಮ್ಮಿಯಾದವು. ಒಳಗೊಳಗೇ ಸಂಬಂಧ ಮಾಡಿದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೃದಯ ಒಂದೇ ಅಲ್ಲ, ಕೆಲವಕ್ಕೆ ಮಿದುಳಿಗೆ ತಲೆಬುರುಡೆಯೇ ಸಾಲದೆ ಬೆನ್ನುಹುರಿಯಲ್ಲಿ ನೀರು ತುಂಬುತ್ತೆ. ಆಗ ಅವು ಕತ್ತಿನ ಪಕ್ಕ ಗಾಳಿಯನ್ನು ಕೆರೆಯುತ್ತವೆ, ಕಾಲು ಮೈಗೆ ತಾಗುವುದೇ ಇಲ್ಲ. ಅಂಥದ್ದೊಂದು ವಿಡಿಯೋಗೆ ಹಿಂದೆ ನಾನೇ ನಕ್ಕಿದ್ದೆ, ನಾಯಿ ಗಿಟಾರ್ ಬಾರಿಸ್ತಿದೆ ಅಂತ. ನಾರ್ವೆಯಲ್ಲಂತೂ ಈ ಜಾತಿಯನ್ನು ಹೀಗೇ ಮರಿ ಮಾಡಿಸುವುದು ಪ್ರಾಣಿದಯೆಯ ಕಾನೂನಿಗೆ ವಿರುದ್ಧ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ.

ಕೋರ್ಟು ಸರಿಯಾಗೇ ಹೇಳಿದೆ ಅನ್ನಿಸಿತು. ಅನ್ನಿಸುತ್ತಿರುವಾಗಲೇ ಪಾಪಿಯ ತಲೆ ನನ್ನ ತೊಡೆ ಮೇಲಿತ್ತು.

ಒಂದೂ ಮುಕ್ಕಾಲಿಗೆ ಪಂಜ ನಿಂತವು. ಎಣಿಸಿದೆ. ಹನ್ನೆರಡು. ಇಪ್ಪತ್ತನಾಲ್ಕು. ಅಜ್ಜಿಗೆ ಅಷ್ಟನ್ನೇ ಕಳಿಸಿದೆ. ಮರುಕ್ಷಣ ಉತ್ತರ ಬಂತು, ಎದ್ದೇ ಇದ್ದರು ಪಾಪ: ಇವತ್ತು ಲೇಟಾಯ್ತು, ಪಟಾಕಿ ಅಲ್ವಾ?

ಹತ್ತನೇ ದಿನ ಅಜ್ಜಿ ಎರಡು ಕೋಲು ಊರಿಕೊಂಡು ಬಂದರು. ಪಾಪಿ ಮೈಯೆಲ್ಲ ಬಾಲವಾಗಿ ಕುಣಿದಳು, ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಟೀ ಕುಡಿಯುತ್ತಾ ನಾರ್ವೆಯ ವಿಷಯ ಹೇಳಿಬಿಟ್ಟೆ. ಹೇಳಬಾರದಿತ್ತು. ಅಜ್ಜಿಗೆ ಬೇಜಾರಾಗಲಿಲ್ಲ. ಗೋಡೆಯ ಮೇಲಿನ ಎರಡು ಫೋಟೋ ತೋರಿಸಿದರು. ಅವೂ ಇದೇ ಜಾತಿ, ಅವೆರಡೂ ಹೋಗಿದ್ದು ಹೃದಯದಿಂದಲೇ, ಒಂದು ಏಳಕ್ಕೆ, ಒಂದು ಹನ್ನೊಂದಕ್ಕೆ. "ಇವಳು ಕೊನೆಯವಳು. ಇನ್ನು ತರಲ್ಲ," ಅಂದರು. ಆಮೇಲೆ, "ಆದರೆ ಬೇರೆ ಯಾವ ನಾಯಿ ಹೀಗೆ ಬಂದು ಕೂರುತ್ತೆ, ನೀನೇ ಹೇಳು."

ಬೆಂಗಳೂರಿನ ನನ್ನ ಚಿಕ್ಕಪ್ಪನ ಮಗಳು ಪಾಪಿಯ ಫೋಟೋ ನೋಡಿ, ತನಗೂ ಅಂಥದ್ದೊಂದು ಬೇಕು, ಎಷ್ಟಾಗುತ್ತೆ ಅಂತ ಕೇಳಿದಳು. ರೇಟು ಆಮೇಲೆ ಕೇಳು ಮಾರಾಯ್ತಿ, ಮರಿಯ ಅಪ್ಪ ಅಮ್ಮನಿಗೆ ಎರಡೂವರೆ ವರ್ಷ ದಾಟಿದ ಮೇಲೆ ಹೃದಯ ಪರೀಕ್ಷೆ ಆಗಿದೆಯಾ, ಅಜ್ಜ ಅಜ್ಜಿಯರಿಗೆ ಐದು ವರ್ಷಕ್ಕೂ ಸದ್ದು ಬಂದಿರಲಿಲ್ವಾ, ಆ ಕಾಗದ ಮೊದಲು ಕೇಳು ಅಂದೆ. ಮದುವೆಗೆ ಜಾತಕ ಕೇಳಿದ ಹಾಗಾಯ್ತು ಅಂತ ಫೋನಿಟ್ಟಳು.

ನಾಯಿ ಹೋದ ರಾತ್ರಿ ನಿದ್ದೆ ಬರಲಿಲ್ಲ. ಗಂಡನ ಉಸಿರು ಎಣಿಸಿದೆ. ಹದಿನಾಲ್ಕು, ನಡುನಡುವೆ ಗೊರಕೆ. ಅಜ್ಜಿ ಈಗಲೂ ಭಾನುವಾರ ರಾತ್ರಿ ಒಂದು ಮೆಸೇಜ್ ಹಾಕುತ್ತಾರೆ. ಬೇರೆ ಏನೂ ಇರುವುದಿಲ್ಲ, ಒಂದು ಅಂಕಿ. ಮೊನ್ನೆ 26 ಇತ್ತು. ಅಮ್ಮನಿಗೂ ಕಳಿಸಿದೆ. ಬೆಳಿಗ್ಗೆ ನೋಡಿದರೆ ಅಮ್ಮನ ವಾಯ್ಸ್ ಮೆಸೇಜು, ಹಿಂದೆ ಕುಕ್ಕರ್ ಸೀಟಿ: "ಪಾಪಿ ಊಟ ಸರೀ ಮಾಡ್ತಿದ್ಯಂತಾ? ಕೇಳು ಅವರನ್ನ."